ಕುಣಿಕೆಯ ಉದ್ದ ತೀರ್ಮಾನಿಸುವುದು ಬೆಲ್ಟು, ಕ್ಯಾಮ್ ಅಲ್ಲ

ಬಳ್ಳಾರಿಯ ಕೌಲ್ ಬಜಾರಿನಲ್ಲಿ ‘ಸ್ಟಿಚ್ ಲೆಂತ್’ ಅಂದರೆ ಹೊಲಿಗೆ ಮೆಷಿನ್ನಿನ ನಂಬರ್ ಗುಂಡಿ ಎಂದೇ ಅರ್ಥ. ಜೀನ್ಸ್ ಪ್ಯಾಂಟಿನ ಸೈಡಿಗೆ ಇಂಚಿಗೆ ಎಂಟು ಹೊಲಿಗೆ ಬೇಕೋ ಒಂಬತ್ತು ಬೇಕೋ, ಗುಂಡಿ ತಿರುಗಿಸಿದರೆ ಮುಗಿಯಿತು. ಟಿ-ಶರ್ಟ್ ಬಟ್ಟೆ ಹೆಣೆಯುವ ಸರ್ಕ್ಯುಲರ್ ನಿಟ್ಟಿಂಗ್ ಮೆಷಿನ್ನಿನಲ್ಲಿ ಅದೇ ಹೆಸರು ಬೇರೆ ವಸ್ತುವನ್ನು ಸೂಚಿಸುತ್ತದೆ. ಅಲ್ಲಿ ಸ್ಟಿಚ್ ಅಂದರೆ ಒಂದು ಸೂಜಿ ಒಂದು ಸಲ ಕೆಳಗಿಳಿದು ಕಟ್ಟಿದ ಕುಣಿಕೆ. ಆ ಕುಣಿಕೆಯನ್ನು ಬಿಚ್ಚಿ ನೆಟ್ಟಗೆ ಎಳೆದರೆ ಎಷ್ಟು ನೂಲು ಸಿಗುತ್ತದೋ ಅದು ಅದರ ಉದ್ದ. 30ನೇ ನಂಬರ್ ಹತ್ತಿ ನೂಲಿನ ಸಾಧಾರಣ ಸಿಂಗಲ್ ಜರ್ಸಿಯಲ್ಲಿ (ಟಿ-ಶರ್ಟಿನ ಸಾದಾ ಹೆಣಿಗೆಯಲ್ಲಿ) ಇದು 2.75 ಮಿಲಿಮೀಟರ್ ಆಸುಪಾಸು ಇರುತ್ತದೆ.

ಇಷ್ಟು ಸಣ್ಣ ಅಳತೆಗೆ ಇಷ್ಟೊಂದು ಮಹತ್ವ ಬಂದದ್ದೇಕೆ? ಬಟ್ಟೆಯ ತೂಕ, ಅಗಲ, ಕುಗ್ಗುವಿಕೆ ಮೂರೂ ಅದರ ಮೇಲೆಯೇ ನಿಂತಿವೆ. 1959ರಲ್ಲಿ ಹೆಣಿಗೆ ಬಟ್ಟೆಯ ಸಂಶೋಧಕ ಡಿ.ಎಲ್. ಮಂಡನ್ ತೋರಿಸಿದ್ದು ಇದನ್ನೇ: ಎಳೆತವೆಲ್ಲ ಕಳೆದುಕೊಂಡು ಸಡಿಲವಾಗಿ ನಿಂತ ಹೆಣೆದ ಬಟ್ಟೆಯಲ್ಲಿ ಒಂದು ಚದರ ಸೆಂಟಿಮೀಟರಿಗೆ ಎಷ್ಟು ಕುಣಿಕೆ ಎಂಬುದು ಕುಣಿಕೆಯ ಉದ್ದದ ವರ್ಗಕ್ಕೆ ತಿರುಗುಮುರುಗಾಗಿ ಬದಲಾಗುತ್ತದೆ. ಉದ್ದವನ್ನು ಸೆಂಟಿಮೀಟರಿನಲ್ಲಿ ಬರೆದು ವರ್ಗ ಮಾಡಿ, ಅದರಿಂದ ಸುಮಾರು 20.5 ಎಂದು ಹಿಡಿದ ಸ್ಥಿರಾಂಕವನ್ನು ಭಾಗಿಸಿ. 0.275ಕ್ಕೆ ಚದರ ಸೆಂಟಿಮೀಟರಿಗೆ 271 ಕುಣಿಕೆ ಬರುತ್ತದೆ. 30ನೇ ನಂಬರ್ ನೂಲು ಕಿಲೋಮೀಟರಿಗೆ 19.7 ಗ್ರಾಂ ತೂಗುತ್ತದೆ. 271ನ್ನು 2.75ರಿಂದ, ಆಮೇಲೆ 19.7ರಿಂದ ಗುಣಿಸಿ ನೂರರಿಂದ ಭಾಗಿಸಿದರೆ ಚದರ ಮೀಟರಿಗೆ ಗ್ರಾಂ ಲೆಕ್ಕದ ತೂಕ, ಅಂದರೆ ಜಿಎಸ್‌ಎಂ ಸುಮಾರು 147. ಕುಣಿಕೆಯ ಉದ್ದ ಶೇ. 1ರಷ್ಟು ಹೆಚ್ಚಾದರೆ ಜಿಎಸ್‌ಎಂ ಶೇ. 1ರಷ್ಟು ಇಳಿಯುತ್ತದೆ. ಬಟ್ಟೆಯನ್ನು ಒದ್ದೆ ಮಾಡಿ ಪೂರ್ತಿ ಕುಗ್ಗಿಸಿದರೆ ಸ್ಥಿರಾಂಕ ಇನ್ನೂ ಮೇಲಕ್ಕೆ ಹೋಗುತ್ತದೆ, ಆದರೆ ಈ ನಂಟು ಹಾಗೇ ಉಳಿಯುತ್ತದೆ.

ಈಗ ಮೆಷಿನ್ನಿನ ಲೆಕ್ಕ. ಸೂಜಿಗಳು ಸುತ್ತಲೂ ನಿಂತ ಸಿಲಿಂಡರಿನ ವ್ಯಾಸ 30 ಇಂಚು, 24 ಗೇಜ್ ಎಂದಿಟ್ಟುಕೊಳ್ಳಿ. ಗೇಜ್ ಅಂದರೆ ಸುತ್ತಳತೆಯ ಒಂದು ಇಂಚಿನಲ್ಲಿರುವ ಸೂಜಿಗಳ ಸಂಖ್ಯೆ. ಒಟ್ಟು 2260 ಸೂಜಿ ಬರುತ್ತವೆ. ಪ್ರತಿ ಸೂಜಿಗೆ 2.75 ಮಿ.ಮೀ. ಬೇಕಾದರೆ, ಸಿಲಿಂಡರ್ ಒಂದು ಸುತ್ತು ಮುಗಿಸುವಷ್ಟರಲ್ಲಿ ಒಂದು ಫೀಡರ್ (ಸೂಜಿಗಳಿಗೆ ನೂಲು ಉಣಿಸುವ ಘಟಕ) 6.215 ಮೀಟರ್ ನೂಲು ಒದಗಿಸಬೇಕು. ಇಂಥ ಮೆಷಿನ್ನಿನಲ್ಲಿ 90 ಫೀಡರ್ ಇರುವುದು ಸಾಮಾನ್ಯ. ನಿಮಿಷಕ್ಕೆ 25 ಸುತ್ತಿನಂತೆ ಓಡಿದರೆ ಒಂದೊಂದರಲ್ಲೂ ನಿಮಿಷಕ್ಕೆ 155 ಮೀಟರ್ ನೂಲು ಹರಿಯುತ್ತದೆ. ನಿಲ್ಲದೆ ಓಡಿದರೆ ಗಂಟೆಗೆ ಸುಮಾರು 16.5 ಕಿಲೋ, ಅಂದಾಜು 70 ಮೀಟರ್ ಬಟ್ಟೆ.

ಮುಂದೆ ಹೇಳುವುದೆಲ್ಲ ಈ 6.215 ಮೀಟರ್ ಸುತ್ತಲೇ ತಿರುಗುತ್ತದೆ.

ಕ್ಯಾಮ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಸೂಜಿಯನ್ನು ಕೆಳಗೆಳೆಯುವ ಇಳಿಜಾರು ತುಂಡಿಗೆ ಸ್ಟಿಚ್ ಕ್ಯಾಮ್ ಎನ್ನುತ್ತಾರೆ. ಅದನ್ನು ಇಳಿಸಿದರೆ ಸೂಜಿ ಹೆಚ್ಚು ಆಳಕ್ಕೆ ಹೋಗಿ ಕುಣಿಕೆ ದೊಡ್ಡದಾಗುತ್ತದೆ, ಏರಿಸಿದರೆ ಚಿಕ್ಕದಾಗುತ್ತದೆ. ಹೊಸದಾಗಿ ಕಲಿಯುವವರಿಗೆ ಮೊದಲು ಹೇಳಿಕೊಡುವುದು ಇದನ್ನೇ. ಇದು ಅರ್ಧ ಮಾತ್ರ ನಿಜ.

ಸೂಜಿ ತಳ ಮುಟ್ಟುವ ಹೊತ್ತಿಗೆ ನೂಲು ಹಲವು ಸೂಜಿ, ಸಿಂಕರುಗಳ (ಸೂಜಿಗಳ ನಡುವಿನ ತೆಳು ತಗಡುಗಳ) ಮೇಲೆ ಹಾವಿನಂತೆ ಬಳಸಿಕೊಂಡಿರುತ್ತದೆ. ಪ್ರತಿ ತಿರುವಿನಲ್ಲೂ ಉಜ್ಜಾಟದಿಂದ ಎಳೆತ ಏರುತ್ತದೆ, ಅದೂ ಕೂಡುತ್ತಾ ಅಲ್ಲ, ಗುಣಿಸುತ್ತಾ. ಮೇಣ ಸವರಿದ ಹತ್ತಿ ನೂಲಿನ ಘರ್ಷಣಾಂಕ 0.15 ಎಂದುಕೊಂಡರೆ ಒಂದು ಅರ್ಧ ಸುತ್ತಿನ ಬಳಸಿಗೆ ಎಳೆತ 1.6 ಪಟ್ಟಾಗುತ್ತದೆ, ಅಂಥ ನಾಲ್ಕು ತಿರುವು ದಾಟಿದರೆ ಆರೂವರೆ ಪಟ್ಟು. ಮೇಣ ಇಲ್ಲದೆ ಘರ್ಷಣಾಂಕ 0.25 ಆದರೆ ಅದೇ ನಾಲ್ಕು ತಿರುವಿಗೆ 23 ಪಟ್ಟು. ಫೀಡರಿನಲ್ಲಿ 4 ಸೆಂಟಿನ್ಯೂಟನ್ (ಒಂದು ಸೆಂಟಿನ್ಯೂಟನ್ ಅಂದರೆ ಸುಮಾರು ಒಂದು ಗ್ರಾಂ ಭಾರದ ಎಳೆತ) ಇದ್ದದ್ದು ಸೂಜಿಯ ತಳದಲ್ಲಿ ಮೇಣ ಇದ್ದರೆ 26, ಇಲ್ಲದಿದ್ದರೆ 92. ಇಂಥ ನೂಲು ತಾಳುವುದೇ ಸುಮಾರು 300 ಸೆಂಟಿನ್ಯೂಟನ್. ಗಂಟು ಅಥವಾ ತೆಳು ಜಾಗ ಇದ್ದಲ್ಲಿ ಅಷ್ಟೂ ಇಲ್ಲ.

ಅಷ್ಟು ಬಿಗಿಯಾದ ನೂಲನ್ನು ಫೀಡರಿನಿಂದ ಎಳೆದುಕೊಳ್ಳುವುದು ಸೂಜಿಗೆ ಕಷ್ಟ. ಅದು ಸುಲಭದ ದಾರಿ ಹಿಡಿಯುತ್ತದೆ: ಆಗಲೇ ಕುಣಿಕೆ ಕಟ್ಟಿ ಮೇಲೇರುತ್ತಿರುವ ಮುಂದಿನ ಸೂಜಿಯಿಂದ ನೂಲನ್ನು ಕಿತ್ತುಕೊಳ್ಳುತ್ತದೆ. ನಿಟ್ಟಿಂಗ್ ಭಾಷೆಯಲ್ಲಿ ಇದಕ್ಕೆ ‘ರಾಬಿಂಗ್ ಬ್ಯಾಕ್’ ಎಂಬ ಹೆಸರಿದೆ. ಪಕ್ಕದ ಮನೆಯಿಂದ ಸಕ್ಕರೆ ಸಾಲ ತಂದ ಹಾಗೆ, ಆದರೆ ಹಿಂದಿರುಗಿಸುವುದಿಲ್ಲ. ಹಾಗಾಗಿ ಕ್ಯಾಮ್ ಎಷ್ಟು ಆಳ ತೋರಿಸುತ್ತದೋ ಅಷ್ಟುದ್ದದ ಕುಣಿಕೆ ಬಟ್ಟೆಯಲ್ಲಿ ಉಳಿಯುವುದಿಲ್ಲ. ಒಳಬರುವ ಎಳೆತ, ಮೇಣ, ಬಟ್ಟೆಯನ್ನು ಕೆಳಗೆಳೆಯುವ ರೋಲರಿನ ಬಲ ಇವೆಲ್ಲ ಸೇರಿ ಉತ್ತರ ಕೊಡುತ್ತವೆ. ಒಂದೇ ಕ್ಯಾಮ್ ಸೆಟ್ಟಿಂಗಿನಲ್ಲಿ ನೂಲು ಸುತ್ತಿದ ಬೇರೆ ಕೋನ್ ಏರಿಸಿದರೆ ಕುಣಿಕೆ ಬದಲಾಗುತ್ತಿದ್ದ ಕಾಲ ಇದೇ ಕಾರಣಕ್ಕೆ ಇತ್ತು.

ಅದಕ್ಕೆ ಪರಿಹಾರವಾಗಿ ಬಂದದ್ದು ಪಾಸಿಟಿವ್ ಫೀಡರ್. ನೂಲು ಒಂದು ಚಕ್ರದ ಮೇಲೆ ಹತ್ತಾರು ಸುತ್ತು ಸುತ್ತಿಕೊಂಡಿರುತ್ತದೆ, ಎಲ್ಲ ಫೀಡರುಗಳ ಚಕ್ರವನ್ನೂ ಒಂದೇ ಹಲ್ಲಿನ ಬೆಲ್ಟು ತಿರುಗಿಸುತ್ತದೆ. ಬೆಲ್ಟಿಗೆ ಶಕ್ತಿ ಸಿಲಿಂಡರಿನ ಡ್ರೈವಿನಿಂದಲೇ, ವ್ಯಾಸ ಬದಲಾಯಿಸಬಹುದಾದ ಒಂದು ಪುಲ್ಲಿಯ ಮೂಲಕ ಬರುತ್ತದೆ. ಮಾರುಕಟ್ಟೆಯಲ್ಲಿ ಇದನ್ನು ಕ್ವಾಲಿಟಿ ಪುಲ್ಲಿ, ವಿಡಿಕ್ಯು ಪುಲ್ಲಿ ಎನ್ನುತ್ತಾರೆ. ಸುರುಳಿಯಾಕಾರದ ತೋಡಿರುವ ತಟ್ಟೆ ತಿರುಗಿಸಿದರೆ ಪುಲ್ಲಿಯ ತುಂಡುಗಳು ಹೊರಸರಿದು ವ್ಯಾಸ ಹೆಚ್ಚುತ್ತದೆ, ಬೆಲ್ಟು ವೇಗವಾಗಿ ಓಡುತ್ತದೆ, ಸುತ್ತಿಗೆ ಹೆಚ್ಚು ನೂಲು ಹೋಗುತ್ತದೆ.

ಇದು ಬಂದ ಮೇಲೆ ಕೆಲಸಗಳ ಹಂಚಿಕೆ ಬದಲಾಯಿತು. ಉದ್ದ ಪುಲ್ಲಿಯ ಪಾಲಾಯಿತು. ಕ್ಯಾಮಿಗೆ ಉಳಿದದ್ದು ಎಳೆತ ಮಾತ್ರ. ಬೆಲ್ಟು 6.215 ಮೀಟರ್ ಕೊಡುತ್ತಿರುವಾಗ ಕ್ಯಾಮ್ ಆಳಕ್ಕಿಳಿಸಿದರೆ ಕುಣಿಕೆ ದೊಡ್ಡದಾಗುವುದಿಲ್ಲ. ಸೂಜಿ ಹೆಚ್ಚು ಕೇಳುತ್ತದೆ, ಸಿಗುವುದಿಲ್ಲ, ಎಳೆತ ಏರುತ್ತದೆ. ತೂತು ಬೀಳುತ್ತದೆ, ಸೂಜಿಯ ಲ್ಯಾಚ್ (ಕೊಕ್ಕೆ ಮುಚ್ಚುವ ಪುಟ್ಟ ನಾಲಿಗೆ) ಮುರಿಯುತ್ತದೆ. ಏರಿಸಿದರೆ ನೂಲು ಜೋಲಾಗಿ ಸೂಜಿಯ ಕೊಕ್ಕೆಗೆ ಸಿಗದೆ ಕುಣಿಕೆ ಬಿಟ್ಟುಹೋಗುತ್ತದೆ. ಇವೆರಡರ ನಡುವಿನ ಹದ 30ನೇ ನಂಬರಿಗೆ 3ರಿಂದ 5 ಸೆಂಟಿನ್ಯೂಟನ್.

ಕೈಯಿಂದ ಸೆಟ್ ಮಾಡುವ ಕ್ರಮವೂ ಹೀಗೆಯೇ ಇರಬೇಕು. ಮೊದಲು ಪುಲ್ಲಿ, ನೂಲಿನ ಉದ್ದ ಅಳೆಯುವ ಕೈಮೀಟರನ್ನು ನಾಲ್ಕೈದು ಫೀಡರಿಗೆ ಹಿಡಿದು ಸುತ್ತಿಗೆ 6.215 ಬರುವವರೆಗೆ ತಿದ್ದಬೇಕು. ಪುಲ್ಲಿಯ ವ್ಯಾಸ ಬದಲಾದಾಗಲೆಲ್ಲ ಬೆಲ್ಟಿನ ಬಿಗಿ ಬದಲಾಗುತ್ತದೆ, ಆದ್ದರಿಂದ ಟೆನ್ಶನ್ ಪುಲ್ಲಿಯನ್ನು ಮತ್ತೆ ಹೊಂದಿಸಲೇಬೇಕು. ಇದನ್ನು ಮರೆಯುವವರೇ ಜಾಸ್ತಿ. ಆಮೇಲೆ ಟೆನ್ಶನ್ ಮೀಟರ್ ಹಿಡಿದು 90 ಫೀಡರಿನ ಕ್ಯಾಮನ್ನೂ ಒಂದೊಂದಾಗಿ 4 ಸೆಂಟಿನ್ಯೂಟನ್ನಿಗೆ ತರಬೇಕು. ಎಲ್ಲವೂ ಒಟ್ಟಿಗೆ ಏರಿದ್ದರೆ ಬಿಡಿ ಕ್ಯಾಮ್ ಮುಟ್ಟದೆ, ಸಿಲಿಂಡರಿನ ಎತ್ತರ ಬದಲಿಸುವ ಸೆಂಟ್ರಲ್ ಸೆಟ್ಟಿಂಗನ್ನು ತಿರುಗಿಸುವುದು ಸರಿ. ಈ ಕ್ರಮ ತಿರುವುಮುರುವಾಗಿ, ಮೊದಲು ಕ್ಯಾಮ್ ಆಮೇಲೆ ಪುಲ್ಲಿ ಅಂತ ಮಾಡಿದರೆ ದಿನವಿಡೀ ಇಲಿ ಬೆಕ್ಕಿನ ಆಟ.

ಸ್ವಯಂಚಾಲಿತ ಅಂದರೆ ಎಲ್ಲಿಂದ ಎಲ್ಲಿಗೆ

ಯಾಂತ್ರಿಕ ಪುಲ್ಲಿ ಚೆನ್ನಾಗಿದ್ದೂ ಉದ್ದ ಕದಲುತ್ತದೆ. ಬೆಲ್ಟಿನ ಹಲ್ಲು ಸವೆಯುತ್ತದೆ, ಹತ್ತಿಯ ಧೂಳು ಪುಲ್ಲಿಗೆ ಮೆತ್ತಿಕೊಂಡು ಬೆಲ್ಟು ಜಾರುತ್ತದೆ, ಯಾವುದೋ ಫೀಡರಿನ ಕ್ಲಚ್ ಸಡಿಲವಾಗುತ್ತದೆ. ಬಟ್ಟೆಯ ಕ್ವಾಲಿಟಿ ಬದಲಿಸುವಾಗ ಕೈ ತಪ್ಪುತ್ತದೆ.

ಸ್ವಯಂಚಾಲಿತ ವ್ಯವಸ್ಥೆಯಲ್ಲಿ ಕ್ವಾಲಿಟಿ ಪುಲ್ಲಿಯ ಜಾಗಕ್ಕೆ ಒಂದು ಸರ್ವೋ ಮೋಟಾರ್ ಬರುತ್ತದೆ. ಸಿಲಿಂಡರಿಗೆ ಒಂದು ಎನ್‌ಕೋಡರ್ ಕಟ್ಟಿರುತ್ತಾರೆ. ಅದು ಸಿಲಿಂಡರ್ ಎಷ್ಟು ತಿರುಗಿತು ಎಂಬುದನ್ನು ಪಲ್ಸುಗಳಾಗಿ ಹೇಳುತ್ತದೆ. ಆ ಪಲ್ಸುಗಳನ್ನು ಒಂದು ಅನುಪಾತದಿಂದ ಗುಣಿಸಿದಷ್ಟು ಮೋಟಾರು ತಿರುಗಬೇಕು. ಹಲ್ಲಿನ ಗಾಲಿಗಳ ಬದಲು ಲೆಕ್ಕದಲ್ಲಿರುವ ಗೇರ್ ಅನ್ನಿ. 2.75 ಬದಲು 2.80 ಬೇಕಾದರೆ ಸ್ಕ್ರೀನಿನಲ್ಲಿ ಸಂಖ್ಯೆ ಒತ್ತಿದರೆ ಅನುಪಾತ ಬದಲಾಗುತ್ತದೆ, ಸ್ಪಾನರ್ ಬೇಡ. ಆದರೆ ಕ್ಯಾಮ್ ಬೇಡ ಎಂದಲ್ಲ. ಬೆಲ್ಟು ಹೆಚ್ಚು ಕೊಟ್ಟಾಗ ಎಳೆತ ಬೀಳುತ್ತದೆ, ಸಿಲಿಂಡರಿನ ಎತ್ತರವನ್ನೂ ಜೊತೆಗೇ ಬದಲಿಸಬೇಕು. ಪೂರ್ಣ ವ್ಯವಸ್ಥೆಯಲ್ಲಿ ಅದಕ್ಕೆ ಬೇರೆ ಸ್ಟೆಪ್ಪರ್ ಮೋಟಾರ್ ಇರುತ್ತದೆ.

ಇಷ್ಟು ಮಾಡಿದರೆ ಮೆಷಿನ್ ಹೇಳಿದ್ದನ್ನು ಕೇಳುತ್ತದೆ, ಅಷ್ಟೆ. ತಾನೇ ತಿದ್ದಿಕೊಳ್ಳಲು ಅಳತೆ ಬೇಕು. ಫೀಡರಿಗೂ ಸೂಜಿಗೂ ನಡುವೆ ನೂಲು ಒಂದು ಹಗುರ ಚಕ್ರವನ್ನು ತಿರುಗಿಸಿಕೊಂಡು ಹೋಗುತ್ತದೆ. ಚಕ್ರದ ಸುತ್ತಳತೆ 100 ಮಿ.ಮೀ., ಸುತ್ತಿಗೆ 100 ಪಲ್ಸ್ ಎಂದಾದರೆ ಒಂದು ಪಲ್ಸ್ ಒಂದು ಮಿಲಿಮೀಟರ್. ಸಿಲಿಂಡರಿನ ಹತ್ತು ಸುತ್ತಿಗೆ 62,150 ಪಲ್ಸ್ ಬರಬೇಕು. 61,840 ಬಂದರೆ ಶೇ. 0.5 ಕಡಿಮೆ. ಒಂದೇ ಸುತ್ತಿನ ಲೆಕ್ಕ ನೆಚ್ಚಿಕೊಂಡು ತಿದ್ದಬಾರದು. ನೂಲಿನ ಗಂಟು, ಚಕ್ರದ ಕುಣಿತ ಎಲ್ಲವೂ ಅದರಲ್ಲಿ ಸೇರಿರುತ್ತವೆ. ಹತ್ತು ಸುತ್ತಿನ ಸರಾಸರಿ ಒಳ್ಳೆಯದು.

ತಿದ್ದುವ ರೀತಿಯಲ್ಲಿ ಸಂಯಮ ಬೇಕು. ಶೇ. 0.3ರೊಳಗಿನ ವ್ಯತ್ಯಾಸಕ್ಕೆ ಸುಮ್ಮನಿರುವುದು, ಅದನ್ನು ದಾಟಿದರೆ ವ್ಯತ್ಯಾಸದ ಅರ್ಧದಷ್ಟನ್ನು ಮಾತ್ರ ತಿದ್ದುವುದು, ಒಂದು ಸಲಕ್ಕೆ ಶೇ. 0.2ಕ್ಕಿಂತ ಹೆಚ್ಚು ಸರಿಸದಿರುವುದು. ಇದು ಆರಂಭಕ್ಕೆ ಹೊಂದುವ ಸೆಟ್ಟಿಂಗ್. ಆತುರದ ತಿದ್ದುಪಡಿ ತಪ್ಪಿಗಿಂತ ಕೆಟ್ಟದ್ದು. ನಿಧಾನವಾಗಿ ಶೇ. 1 ಕದಲಿದ್ದು ಬಟ್ಟೆಯಲ್ಲಿ ಕಣ್ಣಿಗೆ ಬೀಳುವುದಿಲ್ಲ. ಒಂದೇ ಸುತ್ತಿನಲ್ಲಿ ಶೇ. 2 ಹಾರಿದರೆ ಬಣ್ಣ ಹಾಕಿದ ಮೇಲೆ ಅಡ್ಡ ಪಟ್ಟೆಯಾಗಿ ಎದ್ದು ಕಾಣುತ್ತದೆ.

ಇಷ್ಟಾದರೂ ಬೆಲ್ಟಿನ ಮೋಟಾರು ಎಲ್ಲ 90 ಫೀಡರನ್ನೂ ಒಂದೇ ಕೈಯಲ್ಲಿ ಹಿಡಿದಿರುತ್ತದೆ. ಒಂದೇ ಫೀಡರಿನ ಚಕ್ರ ಜಾರುತ್ತಿದ್ದರೆ ಅದು ಏನೂ ಮಾಡಲಾರದು. ಅಳತೆ ಚಕ್ರ ಇರುವುದು ಬೇರೆ ಫೀಡರಿನ ಮೇಲಾದರೆ ಸ್ಕ್ರೀನು ‘ಸರಿ’ ಎನ್ನುತ್ತಲೇ ಇರುತ್ತದೆ, ಬಟ್ಟೆಯಲ್ಲಿ 90 ಸಾಲಿಗೊಂದು ಗೆರೆ ಬೀಳುತ್ತಲೇ ಇರುತ್ತದೆ. ಸರಾಸರಿ ಸರಿಯಿದ್ದ ಮಾತ್ರಕ್ಕೆ ಬಟ್ಟೆ ಸರಿಯಿದೆ ಎಂದಲ್ಲ. ಕನಿಷ್ಠ ಮೂರು ಫೀಡರಿಗಾದರೂ, ಸಿಲಿಂಡರಿನ ಸುತ್ತ ಸಮ ಅಂತರದಲ್ಲಿ, ಅಳತೆ ಇರಬೇಕು. ಉಳಿದವಕ್ಕೆ ವಾರಕ್ಕೊಮ್ಮೆ ಕೈಮೀಟರ್ ಹಿಡಿಯುವುದು ತಪ್ಪದು.

ಉದ್ದ, ಎಳೆತ: ಎರಡನ್ನೂ ಒಟ್ಟಿಗೆ ಓದುವುದು

ಈ ಇಡೀ ವಿಷಯದಲ್ಲಿ ಬುದ್ಧಿ ಬೇಡುವ ಜಾಗ ಇದು. ಉದ್ದದ ಸೆನ್ಸರಿನ ಜೊತೆ ಎಳೆತದ ಸೆನ್ಸರನ್ನೂ ಇಟ್ಟರೆ ಎರಡೂ ಸೇರಿ ರೋಗ ಯಾವುದೆಂದು ಹೇಳುತ್ತವೆ.

ಉದ್ದ ಕಡಿಮೆ, ಎಳೆತ ಹೆಚ್ಚು ಅಂತ ಬಂದರೆ ನಿಜವಾಗಿಯೂ ನೂಲು ಕೊರತೆಯಾಗಿದೆ: ಬೆಲ್ಟು ಜಾರುತ್ತಿದೆ. ಮೋಟಾರು ಸ್ವಲ್ಪ ಜೋರಾಗಿ ಓಡಿ ಸರಿದೂಗಿಸಬಹುದು, ಆದರೆ ಬೆಲ್ಟು ನೋಡಲೇಬೇಕು. ಉದ್ದ ಸರಿ, ಎಳೆತ ಮಾತ್ರ ಹೆಚ್ಚು ಎಂದರೆ ಬೆಲ್ಟಿನ ಸುದ್ದಿಗೆ ಹೋಗಬಾರದು. ಮೇಣ ಕಡಿಮೆಯಾಗಿದೆ, ಅಥವಾ ನೂಲಿನ ದಾರಿಯಲ್ಲಿ ಧೂಳು ಕಟ್ಟಿದೆ, ಅಥವಾ ಸಿಲಿಂಡರ್ ಬಿಸಿಯಾಗಿ ಕ್ಯಾಮಿನ ಅಂತರ ಕದಲಿದೆ. ಉದ್ದ ಸರಿ, ಎಳೆತ ಕಡಿಮೆ ಎಂದರೆ ಬಟ್ಟೆ ಎಳೆಯುವ ರೋಲರ್ ಸಡಿಲಾಗಿದೆಯೇ ನೋಡಿ, ಆಮೇಲೆ ಕ್ಯಾಮ್.

ನಾಲ್ಕನೆಯದು ವಿಚಿತ್ರ: ಉದ್ದವೂ ಕಡಿಮೆ, ಎಳೆತವೂ ಕಡಿಮೆ. ನೂಲು ನಿಜವಾಗಿ ಕಡಿಮೆ ಬರುತ್ತಿದ್ದರೆ ಎಳೆತ ಏರಲೇಬೇಕಿತ್ತು. ಏರಿಲ್ಲ ಎಂದರೆ ಅಳತೆ ಚಕ್ರವೇ ಸುಳ್ಳು ಹೇಳುತ್ತಿದೆ. ನೂಲು ಅದರ ಮೇಲೆ ಜಾರಿಹೋಗುತ್ತಿದೆ, ಇಲ್ಲವೇ ಸೆನ್ಸರಿನ ಕಣ್ಣಿಗೆ ಹಿಂಜಿದ ಹತ್ತಿ ಅಂಟಿದೆ. ಎಳೆತ ನೋಡದ ಕಂಟ್ರೋಲರ್ ಇಲ್ಲಿ ಪೂರ್ತಿ ಮೋಸ ಹೋಗುತ್ತದೆ: ಕಡಿಮೆ ಎಂದು ನಂಬಿ ಬೆಲ್ಟು ಜೋರು ಮಾಡುತ್ತದೆ, ನೂಲು ಜೋಲಾಗುತ್ತದೆ, ಚಕ್ರ ಇನ್ನೂ ಜಾರುತ್ತದೆ, ಮತ್ತೆ ಜೋರು ಮಾಡುತ್ತದೆ. ಚೆನ್ನಾಗಿದ್ದ ಬಟ್ಟೆಯನ್ನು ತಾನೇ ಕೆಡಿಸಿ, ಕುಣಿಕೆ ಬಿಡುವವರೆಗೆ ಹೋಗುತ್ತದೆ. ಅದಕ್ಕೇ ಒಟ್ಟು ತಿದ್ದುಪಡಿಗೆ ಒಂದು ಗಡಿ ಹಾಕಬೇಕು. ಮೂಲ ಸೆಟ್ಟಿಂಗಿನಿಂದ ಶೇ. 2 ದಾಟಿದರೆ ತಿದ್ದುವುದನ್ನು ಬಿಟ್ಟು ಮೆಷಿನ್ ನಿಲ್ಲಿಸಿ ಲೈಟು ಉರಿಸಲಿ. 

ಬಿಸಿಯ ಮಾತು ಬಂತು. 30 ಇಂಚು ಅಂದರೆ 762 ಮಿ.ಮೀ. ವ್ಯಾಸದ ಉಕ್ಕಿನ ಸಿಲಿಂಡರ್ 20 ಡಿಗ್ರಿ ಬಿಸಿಯೇರಿದರೆ ವ್ಯಾಸ ಸುಮಾರು 0.18 ಮಿ.ಮೀ. ಹಿಗ್ಗುತ್ತದೆ. ಸಿಲಿಂಡರ್, ಸೂಜಿ, ಕ್ಯಾಮ್ ಮೂರೂ ಒಂದೇ ವೇಗದಲ್ಲಿ ಬಿಸಿಯಾಗುವುದಿಲ್ಲ, ಹಾಗಾಗಿ ಸೂಜಿ ಇಳಿಯುವ ಆಳ ಸ್ವಲ್ಪ ಕದಲುತ್ತದೆ. ಸ್ವಲ್ಪ ಅಂದರೆ ಎಷ್ಟು? ಕುಣಿಕೆಗೆ ಎರಡು ಕಾಲು, ಆಳ 0.05 ಮಿ.ಮೀ. ಬದಲಾದರೆ ಸೂಜಿ ಕೇಳುವ ನೂಲು 0.1 ಮಿ.ಮೀ. ಬದಲಾಗುತ್ತದೆ. 2.75ರಲ್ಲಿ ಅದು ಶೇ. 4ರ ಹತ್ತಿರ. ಬೆಲ್ಟು ಉದ್ದವನ್ನು ಬಿಗಿಹಿಡಿದಿರುವುದರಿಂದ ಕುಣಿಕೆ ಕೆಡುವುದಿಲ್ಲ, ಎಳೆತ ಕೆಡುತ್ತದೆ. ಆದ್ದರಿಂದ ಬೆಳಗ್ಗೆ ತಣ್ಣಗಿನ ಮೆಷಿನ್ನಿಗೆ ಕ್ಯಾಮ್ ಹೊಂದಿಸಬಾರದು. ಒಂದು ಗಂಟೆ ಓಡಿಸಿ ಆಮೇಲೆ ಮೀಟರ್ ಹಿಡಿಯಬೇಕು.

ಬಳ್ಳಾರಿಯ ಬೇಸಿಗೆಯಲ್ಲಿ

ಜೀನ್ಸ್ ಬಟ್ಟೆ ನೇಯ್ದದ್ದು, ಅದಕ್ಕೆ ಈ ಪಾಡಿಲ್ಲ. ಆದರೆ ಪ್ಯಾಂಟಿನ ಜೊತೆ ಟಿ-ಶರ್ಟನ್ನೂ ಮಾಡೋಣ, ತಿರುಪ್ಪೂರಿನ ಬಟ್ಟೆಗೆ ಕಾಯುವ ಬದಲು ಎರಡು ನಿಟ್ಟಿಂಗ್ ಮೆಷಿನ್ ಹಾಕೋಣ ಎಂದುಕೊಳ್ಳುವವರು ಇಲ್ಲಿಯ ಹವೆಯನ್ನು ಮೊದಲು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ, ಗಾಳಿ ಒಣಗಿ ಗರಿಗರಿ.

ಒಣ ಗಾಳಿಯಲ್ಲಿ ಹತ್ತಿ ತನ್ನ ತೇವ ಬಿಟ್ಟುಕೊಡುತ್ತದೆ. ವ್ಯಾಪಾರದಲ್ಲಿ ಒಪ್ಪಿಕೊಂಡ ತೇವದ ಪ್ರಮಾಣ ಶೇ. 8.5. ಗಾಳಿಯ ತೇವಾಂಶ ಶೇ. 30ಕ್ಕೆ ಇಳಿದರೆ ಹತ್ತಿಯಲ್ಲಿ ಉಳಿಯುವುದು ಶೇ. 4–5. ಅಂದರೆ ಕುಣಿಕೆಯ ಉದ್ದ ಸರಿಯಾಗಿದ್ದೂ, ಮೆಷಿನ್ನಿನಿಂದ ಇಳಿಸಿ ತಕ್ಕಡಿಗೆ ಹಾಕಿದ ಬಟ್ಟೆ ಶೇ. 3–4ರಷ್ಟು ಹಗುರ ತೋರುತ್ತದೆ. 147 ಬರಬೇಕಾದ ಕಡೆ 141, 142. ಇದನ್ನು ನೋಡಿ ಜಿಎಸ್‌ಎಂ ಬರಲಿಲ್ಲ ಅಂತ ಕುಣಿಕೆಯನ್ನು 2.67ಕ್ಕೆ ಇಳಿಸಿದರೆ ಮಳೆಗಾಲದಲ್ಲಿ ಅದೇ ಬಟ್ಟೆ ಭಾರವಾಗಿ, ಕಡಿಮೆ ಅಗಲವಾಗಿ ಕೈಗೆ ಬರುತ್ತದೆ. ಜಿಎಸ್‌ಎಂ ಇಟ್ಟುಕೊಂಡು ಮೆಷಿನ್ ತಿದ್ದುವ ಪದ್ಧತಿಯನ್ನೇ ಬಿಡಬೇಕು. ತಿದ್ದಬೇಕಾದದ್ದು ನೂಲಿನ ಉದ್ದ ನೋಡಿ; ಜಿಎಸ್‌ಎಂ ನೋಡಬೇಕಾದದ್ದು ಬಟ್ಟೆಯನ್ನು ಒದ್ದೆ ಮಾಡಿ, ಒಣಗಿಸಿ, ಸಾಧಾರಣ ತೇವದ ಕೋಣೆಯಲ್ಲಿ ಒಂದು ದಿನ ಹರಡಿಟ್ಟ ಮೇಲೆ.

ತಗಡಿನ ಶೆಡ್ಡಿನಲ್ಲಿ ಕೋನುಗಳನ್ನು ಇಟ್ಟರೆ ನೂಲಿನ ಮೇಲಿನ ಮೇಣ ಮೆತ್ತಗಾಗಿ ಒಳಕ್ಕಿಳಿಯುತ್ತದೆ, ಘರ್ಷಣೆ ಏರುತ್ತದೆ. ಮೇಲೆ ಹೇಳಿದ ಆರೂವರೆ ಪಟ್ಟು, 23 ಪಟ್ಟಿನ ಲೆಕ್ಕ ಇಲ್ಲಿ ನೆನಪಿಗೆ ಬರಬೇಕು. ನಿಟ್ಟಿಂಗ್ ಹಾಲಿನಲ್ಲಿ ಶೇ. 55ರಿಂದ 65ರಷ್ಟು ತೇವ ಇರಲಿ. ಕೋನನ್ನು ಗೋದಾಮಿನಿಂದ ತಂದ ಕೂಡಲೇ ಏರಿಸದೆ ಒಂದು ರಾತ್ರಿ ಅದೇ ಹಾಲಿನಲ್ಲಿಡಿ.

ಕರೆಂಟು ಇನ್ನೊಂದು ಸಂಗತಿ. ಯಾಂತ್ರಿಕ ಪುಲ್ಲಿಗೆ ಒಂದು ದೊಡ್ಡ ಗುಣವಿದೆ: ಕರೆಂಟು ಹೋದಾಗ ಸಿಲಿಂಡರ್ ಎಷ್ಟು ನಿಧಾನವಾದರೂ ಬೆಲ್ಟೂ ಅಷ್ಟೇ ನಿಧಾನವಾಗುತ್ತದೆ, ಎರಡೂ ಒಂದೇ ಡ್ರೈವಿಗೆ ಕಟ್ಟಿದ್ದರಿಂದ. ಸರ್ವೋದಲ್ಲಿ ಹಾಗಲ್ಲ. ಸಿಲಿಂಡರ್ ತನ್ನ ಭಾರಕ್ಕೆ ಇನ್ನೂ ಅರ್ಧ ಸುತ್ತು ಹೋಗುತ್ತಿರುವಾಗ ಬೆಲ್ಟಿನ ಮೋಟಾರು ಕೈಚೆಲ್ಲಿದರೆ 90 ನೂಲೂ ಒಂದೇ ಸಲಕ್ಕೆ ಕಡಿದುಹೋಗಿ ಬಟ್ಟೆ ಕಳಚಿ ಬೀಳಬಹುದು. ಸರ್ವೋ ಹಾಕಿಸುವಾಗ, ಕರೆಂಟು ಹೋದ ಮೇಲೂ ಎರಡೂ ಮೋಟಾರು ಜೊತೆಯಾಗಿ ನಿಲ್ಲುವಷ್ಟು ಶಕ್ತಿ ಡ್ರೈವಿನಲ್ಲಿ ಉಳಿಯುತ್ತದೆಯೇ ಎಂದು ಮೊದಲು ಕೇಳಬೇಕು, ಆಮೇಲೆ ಖಾಲಿ ಮಾತಿಗೆ ಬಿಡದೆ ಮೇನ್ ಸ್ವಿಚ್ ಇಳಿಸಿ ನೋಡಬೇಕು.

ಹಿಗ್ಗುವ ನೂಲು, ಅಂದರೆ ಲೈಕ್ರಾ ಹಾಕುವವರಿಗೊಂದು ಮಾತು. ಲೈಕ್ರಾಕ್ಕೆ ಬೇರೆ ರೋಲರ್, ಬೇರೆ ಬೆಲ್ಟು. ಹತ್ತಿ 2.75 ಮಿ.ಮೀ. ಹೋಗುವಾಗ ಲೈಕ್ರಾ 1 ಮಿ.ಮೀ. ಹೋದರೆ ಅದು 2.75 ಪಟ್ಟು ಹಿಗ್ಗಿ ಕೂರುತ್ತದೆ. ಕಂಟ್ರೋಲರ್ ಹತ್ತಿಯನ್ನು ಮಾತ್ರ ತಿದ್ದಿ ಲೈಕ್ರಾವನ್ನು ಮರೆತರೆ ಬಟ್ಟೆಯ ಅಗಲ ಊಹಿಸದ ಕಡೆ ಹೋಗುತ್ತದೆ. ಎರಡನ್ನೂ ಒಂದೇ ಎನ್‌ಕೋಡರಿಗೆ ಕಟ್ಟಬೇಕು.

ಬೆಲ್ಟಿನ ಈ ನಿಯಮಕ್ಕೆ ಒಗ್ಗದ ಮೆಷಿನ್ನುಗಳೂ ಇವೆ. ವಿನ್ಯಾಸ ಹೆಣೆಯುವ ಜಾಕಾರ್ಡಿನಲ್ಲಿ ಒಂದು ಫೀಡರ್ ಈ ಸುತ್ತಿಗೆ ಸಾವಿರ ಸೂಜಿಗೆ, ಮುಂದಿನ ಸುತ್ತಿಗೆ ಮುನ್ನೂರಕ್ಕೆ ನೂಲು ಕೊಡುತ್ತದೆ. ಸ್ಥಿರ ವೇಗದ ಬೆಲ್ಟು ಅಲ್ಲಿ ನಡೆಯದು. ಅಲ್ಲಿ ಸೂಜಿ ಕೇಳಿದಷ್ಟು ಬಿಡುವ ಫೀಡರ್, ಎಳೆತವನ್ನು ಒಂದೇ ಮಟ್ಟದಲ್ಲಿಡುವ ಸೆನ್ಸರ್, ಉದ್ದಕ್ಕೆ ಮತ್ತೆ ಕ್ಯಾಮೇ ಗತಿ. ಕಾಲುಚೀಲದ ಮೆಷಿನ್ನಿನಲ್ಲಿ ಸ್ಟೆಪ್ಪರ್ ಮೋಟಾರು ಸಿಲಿಂಡರನ್ನೇ ಏರಿಸಿ ಇಳಿಸಿ ಮೊಣಕಾಲಿನ ಕೆಳಗೆ ಸಡಿಲ, ಹಿಮ್ಮಡಿಗಿಂತ ಸ್ವಲ್ಪ ಮೇಲೆ ಬಿಗಿ ಮಾಡುತ್ತದೆ.

ಮೆಷಿನ್ ಹಾಕದೆ ಬಟ್ಟೆ ಮಾತ್ರ ಕೊಳ್ಳುವವರು ಇದೆಲ್ಲವನ್ನೂ ಕಟಿಂಗ್ ಟೇಬಲ್ಲಿನ ಮೇಲೆಯೇ ಪರೀಕ್ಷಿಸಬಹುದು. ರೋಲಿನ ಆರಂಭದಿಂದ ಒಂದು ತುಂಡು, ಕೊನೆಯಿಂದ ಒಂದು ತುಂಡು ಕತ್ತರಿಸಿ. ನೂರು ಉದ್ದಗೆರೆ (ಒಂದರ ಮೇಲೊಂದು ನಿಂತ ಕುಣಿಕೆಗಳ ಸಾಲು) ಎಣಿಸಿ ಎರಡು ಬದಿಯೂ ಪೆನ್ನಿನಿಂದ ಗುರುತು ಹಾಕಿ, ಅಡ್ಡ ಸಾಲಿನ ನೂಲುಗಳನ್ನು ಒಂದೊಂದಾಗಿ ಬಿಚ್ಚಿ, ಸುರುಳಿ ನೆಟ್ಟಗಾಗುವಷ್ಟು ಮಾತ್ರ ಎಳೆದು ಸ್ಕೇಲಿನ ಮೇಲಿಡಿ. 275 ಮಿ.ಮೀ. ಬಂದರೆ ಕುಣಿಕೆ 2.75. ಬಣ್ಣ ಹಾಕಿ, ತೊಳೆದು, ಇಸ್ತ್ರಿ ಮಾಡಿ ಅಗಲ ಎಳೆದಿದ್ದರೂ ಈ ಉದ್ದ ಹೆಚ್ಚೇನೂ ಬದಲಾಗಿರುವುದಿಲ್ಲ. ಹತ್ತು ಸಾಲಿನಲ್ಲಿ ಒಂದು ಮಾತ್ರ 267 ತೋರಿಸಿದರೆ ಯಾವುದೋ ಒಂದು ಫೀಡರ್ ಜಾರಿದೆ. ಅಡ್ಡ ಗೆರೆಯನ್ನು ಬಣ್ಣದವನ ತಲೆಗೆ ಕಟ್ಟಬೇಡಿ. ಆರಂಭದ ತುಂಡಿನ ಸಾಲೆಲ್ಲ 275, ಕೊನೆಯದರ ಸಾಲೆಲ್ಲ 270 ಎಂದಾದರೆ ಬೆಲ್ಟು ಸಡಿಲಾಗಿದೆ. ಎರಡೂ 275 ಇದ್ದೂ ಜಿಎಸ್‌ಎಂ ಕಡಿಮೆ ಬಂದರೆ ನೂಲಿನ ನಂಬರ್ ತೂಗಿ ನೋಡಿ.